ಬಿದಿರು ಯಾವ ಬಂದರಿನದು

ಮುಹರ್ರಕ್ ಪೇಟೆಯ ಹಿಂದಿನ ಓಣಿ,
ಟೈಪಿಂಗ್ ಅಂಗಡಿ, ನನ್ನ ಕುರ್ಚಿಗೆ ಮೂರೇ ಕಾಲು.
ವೀಸಾ ಅರ್ಜಿ, ಬಾಡಿಗೆ ಕರಾರು, ಕ್ಷಮಾಪಣೆ ಪತ್ರ,
ಹೆಸರು ಬದಲಿಸಿದರೆ ಸಾಕು, ಮಿಕ್ಕದ್ದೆಲ್ಲ ಒಂದೇ,
ಹಾಳೆಗೆ ಅರ್ಧ ದಿನಾರು.
ಹದಿನಾರು ವರ್ಷ ಬಡಿದಿದ್ದೇನೆ ಬೇರೆಯವರ ಮಾತು,
ಒಂದೂ ನೆನಪಿಲ್ಲ.

ರೂಮಿನಲ್ಲಿ ದಯಾನಂದ ಕೋಟ್ಯಾನ್ ಚೀಟಿ ಕಟ್ಟುತ್ತಾನೆ,
ಇಸುಬು ಚಿನ್ನ ಕೂಡಿಡುತ್ತಾನೆ, ಗ್ರಾಮಿಗೆ ಗ್ರಾಮು.
"ನಿಂದೆಂತ ಮಾರಾಯ, ಶುಕ್ರವಾರ ಪೂರಾ
ಮುದುಕರ ಹತ್ತಿರ ಕೂತು?"
ಕಡಲೊಳಗಿನ ಸಿಹಿನೀರು ಬರೆಯುತ್ತಿದ್ದೇನೆ ಎಂದೆ.
ಕೈಯ ತುತ್ತು ಕೈಯಲ್ಲೇ, ಇಬ್ಬರೂ ನಕ್ಕರು.

ಇತ್ತು, ನೀರು.
ಉಪ್ಪಿನ ಅಡಿಗೆ, ಮರಳ ಸೀಳಿಗೆ, ಉಕ್ಕುತ್ತ ಇತ್ತು.
ಐನ್ ಎನ್ನುತ್ತಾರೆ ಇಲ್ಲಿ; ಕಣ್ಣಿಗೂ ಅದೇ ಮಾತು, ಒರತೆಗೂ ಅದೇ.
ಮುತ್ತಿಗೆ ಮುಳುಗುವವರು ತೊಗಲ ಚೀಲ ಹಿಡಿದು ಇಳಿದು
ಕುಡಿಯುವ ನೀರು ತರುತ್ತಿದ್ದರು ಕಡಲ ತಳದಿಂದ.
ಇಳಿತದ ಹೊತ್ತು ಆ ಕಣ್ಣಿಗೆ ಟೊಳ್ಳು ಬಿದಿರು ನೆಟ್ಟರೆ
ತುದಿಯಲ್ಲಿ ಸಿಹಿ.

ಬಿದಿರು ಎಲ್ಲಿಯದು?
"ಹಿಂದ್," ಎಂದ ಖಲ್ಫಾನ್ ಅಜ್ಜ, ಸಾಕೆಂದು ಕಾವಾ ಬಟ್ಟಲು ಅಲುಗಿಸಿ.
ಹಿಂದ್‌ನಲ್ಲಿ ಎಲ್ಲಿ?
"ಮಳೆ ಬರುವ ಕಡೆ."
ಅವನ ಭಾವ ಒಪ್ಪಲಿಲ್ಲ: ಅದು ಬಸ್ರಾದ ಜೊಂಡು, ಬಿದಿರೇ ಅಲ್ಲ.
ಮೂರನೆಯವನಿಗೆ ಕಿವಿ ಕೇಳದು.
ನಾಲ್ಕು ಶುಕ್ರವಾರಕ್ಕೆ ಒಂದು ಸಾಲು.
ಐದನೆಯ ಶುಕ್ರವಾರ ಅದರ ಮೇಲೊಂದು ಗೀಟು.

ಸಂಘದ ಸ್ಮರಣಸಂಚಿಕೆಗೆಂದು ಐತಾಳರ ಫೋನು:
"ಗುರುವಾರದೊಳಗೆ ಎರಡು ಪುಟ ಕೊಡಿ.
ಹೊನ್ನಾವರದ ಬಿದಿರು ಅಂತ ಬರೆದುಬಿಡಿ, ಜನಕ್ಕೆ ಖುಷಿ.
ಯಾರು ಕೇಳ್ತಾರೆ?"
ನನ್ನೂರು ಹೊನ್ನಾವರವೇ.
ಶರಾವತಿ ಕಡಲು ಸೇರುವಲ್ಲಿ ಬಿದಿರ ತೆಪ್ಪದ ಮೇಲೆ
ಕಾಲು ಇಳಿಬಿಟ್ಟು ಕೂತವನು ನಾನು.
ಬರೆಯಬಹುದಿತ್ತು. 'ಹೊ' ವರೆಗೆ ಬರೆದೆ ಕೂಡ.
ಒರೆಸಿ, ಬಂದರಿನ ಹೆಸರಿಗೆ ಖಾಲಿ ಬಿಟ್ಟೆ,
ಮೂರು ಬೆರಳಗಲ.

ಸಂಚಿಕೆ ಬಂತು ನನ್ನದಿಲ್ಲದೆ,
ಎಲ್ಲಿಂದಲೋ ಎತ್ತಿದ ಲೇಖನ, ಯಾರದೋ ಕಡಲಿನ ಫೋಟೋ.
ಕೋಟ್ಯಾನ್ ಅದನ್ನು ಹಾಸಿ ಅಂಜಲ್ ಕೊಯ್ದ.

ಆಮೇಲೆ ಕಡಲಿಗೆ ಮಣ್ಣು ತುಂಬಿದರು, ರಸ್ತೆಯಾಯಿತು.
ಕಣ್ಣುಗಳು ಬತ್ತಿದವು. ಖಲ್ಫಾನ್ ಹೋದ.
ಚೀಟಿ ಮುಳುಗಿತು;
ಇಸುಬುವಿನ ಚಿನ್ನ ಮಾತ್ರ ಏರಿತು, ಅದನ್ನೂ ಹೇಳಬೇಕು.
ನನ್ನ ನೋಟುಬುಕ್ಕುಗಳು ಹನ್ನೊಂದಾದವು,
ಇಲಿಗಳಿಗೆ ಹೆದರಿ ಅವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.

ಕಳೆದ ತಿಂಗಳು ಬಾಗಿಲಲ್ಲಿ ಒಬ್ಬ ಹುಡುಗಿ, ಬೆನ್ನಿಗೆ ಶಾಲೆಯ ಚೀಲ.
ಮೋಝಾ, ಖಲ್ಫಾನನ ಮೊಮ್ಮಗಳು.
"ಅಜ್ಜನ ಮಾತು ನಿನ್ನ ಹತ್ತಿರ ಇದೆಯಂತೆ.
ಎಲ್ಲಿ ಹುಡುಕಿದರೂ ಅವೇ ನಾಲ್ಕು ಸಾಲು,
ಒಬ್ಬರನ್ನೊಬ್ಬರು ನೋಡಿ ಬರೆದದ್ದು.
ಅದರಲ್ಲಿ ಅಜ್ಜ ಇಲ್ಲ."

ಡಬ್ಬಿಯಿಂದ ಏಳನೆಯದನ್ನು ತೆಗೆದೆ.
ಕನ್ನಡದೊಳಗೆ ಇಷ್ಟು ದಿನ ಕೂತಿದ್ದ ಅಜ್ಜನನ್ನು
ನನ್ನ ಹರಕು ಅರಬಿಗೆ ಇಳಿಸಿದೆ:
ಮೇಲೇಳುವಾಗ ಚೀಲದ ಬಾಯಿಗೆ ಹೆಬ್ಬೆರಳು ಒತ್ತಿದ್ದು,
ಮೊದಲ ಗುಟುಕು ತಾನು ಕುಡಿಯದೆ
ದೋಣಿಯ ಹಾಡುಗಾರನಿಗೆ ಕೊಟ್ಟದ್ದು,
ಮಳೆ ಬರುವ ಕಡೆ ಎಂದು ಎಡಗೈ ಎತ್ತಿದ್ದು.

"ಎಡಗೈಯೇ," ಎಂದಳು, "ಬಲಗೈಲಿ ಎರಡು ಬೆರಳಿರಲಿಲ್ಲ."
ಅಷ್ಟು ಸಲ ಎದುರು ಕೂತೂ ನಾನು ನೋಡಿರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಹೇಳಿದವಳು ಮೋಝಾ ಎಂದು, ತಾರೀಖು ಹಾಕಿ.

ಖಾಲಿ ಜಾಗ ಮುಟ್ಟಿ ಕೇಳಿದಳು, ಇಲ್ಲೇನು?
ಗೊತ್ತಿಲ್ಲ, ಎಂದೆ. ಇನ್ನೂ.

ತನ್ನ ಪುಸ್ತಕದಲ್ಲಿ ಅವಳೂ
ಬೆರಳಿಟ್ಟು ಅಳೆದು
ಅಷ್ಟೇ ಅಗಲ ಬಿಟ್ಟಳು.